ಕೋಡ್ ರಿವ್ಯೂ

ಪ್ರೋಗ್ರಾಮರ್ ಒಬ್ಬರು ಬರೆದ ಕೋಡನ್ನು ಬಳಕೆಗೆ ಬಿಡುವ ಮುನ್ನ ತಂಡದ ಬೇರೊಬ್ಬರು ಓದಿ ಒಪ್ಪುವ, ಇಲ್ಲವೇ ತಿದ್ದಲು ಹೇಳುವ ಪದ್ಧತಿ. ಬರೆದವರಿಗೆ ತಮ್ಮ ಕೋಡಿನ ಮೇಲಿರುವ ಮಮಕಾರ ತಪ್ಪುಗಳನ್ನು ಮರೆಮಾಡುತ್ತದೆ, ಆದ್ದರಿಂದ ಅದನ್ನು ಇತರರೂ ಓದಬೇಕು ಎಂದು ಜೆರಾಲ್ಡ್ ವೈನ್‌ಬರ್ಗ್ 1971ರಲ್ಲೇ ‘ದ ಸೈಕಾಲಜಿ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಪುಸ್ತಕದಲ್ಲಿ ವಾದಿಸಿದ್ದರು.

ಇದಕ್ಕೆ ಕಟ್ಟುನಿಟ್ಟಾದ ರೂಪ ಕೊಟ್ಟವರು ಐಬಿಎಂನ ಮೈಕೆಲ್ ಫೇಗನ್. 1976ರಲ್ಲಿ ‘ಐಬಿಎಂ ಸಿಸ್ಟಮ್ಸ್ ಜರ್ನಲ್’ನಲ್ಲಿ ಅವರು ವಿವರಿಸಿದ ‘ಇನ್‌ಸ್ಪೆಕ್ಷನ್’ ಒಂದು ಸಭೆ. ಸಭೆ ನಡೆಸುವ ಮಾಡರೇಟರ್, ವಿನ್ಯಾಸಕಾರ, ಕೋಡ್ ಬರೆದವರು, ಪರೀಕ್ಷಕ ಹೀಗೆ ಸಾಮಾನ್ಯವಾಗಿ ನಾಲ್ವರು. ಎಲ್ಲರೂ ಮೊದಲೇ ಓದಿಕೊಂಡು ಬರಬೇಕು. ಸಭೆಯಲ್ಲಿ ಒಬ್ಬರು ಕೋಡನ್ನು ತಮ್ಮ ಮಾತಿನಲ್ಲಿ ವಿವರಿಸುತ್ತ ಹೋಗುತ್ತಾರೆ, ಉಳಿದವರು ತಪ್ಪು ಹಿಡಿಯುತ್ತಾರೆ. ತಪ್ಪು ಗುರುತಿಸಬೇಕೇ ಹೊರತು ಅಲ್ಲೇ ಪರಿಹಾರ ಹುಡುಕುತ್ತ ಕೂರುವಂತಿಲ್ಲ. ಎರಡು ಗಂಟೆ ಮೀರುವಂತಿಲ್ಲ. ಸಿಕ್ಕ ತಪ್ಪುಗಳ ಲೆಕ್ಕವನ್ನು ನೌಕರರ ಕಾರ್ಯಕ್ಷಮತೆ ಅಳೆಯಲು ಬಳಸಬಾರದು. ಇಡೀ ಪದ್ಧತಿಯಲ್ಲಿ ಅತ್ಯಂತ ವಿವೇಕದ ನಿಯಮ ಇದೇ ಇರಬೇಕು. ಮುರಿಯಲು ಅತಿ ಸುಲಭವಾದದ್ದೂ ಇದೇ.

1990ರ ದಶಕದಲ್ಲಿ ಸಾಫ್ಟ್‌ವೇರ್ ಸಂಸ್ಥೆಗಳ ಗುಣಮಟ್ಟ ಅಳೆಯುವ ಸಿಎಂಎಂ ಮಾದರಿ ಮೂರನೇ ಹಂತಕ್ಕೆ ಸಹೋದ್ಯೋಗಿಗಳ ಪರಿಶೀಲನೆಯನ್ನು ಕಡ್ಡಾಯ ಮಾಡಿತು. ಆ ದಶಕದಲ್ಲೇ ಅದರ ಕೊನೆಯದಾದ ಐದನೇ ಹಂತ ಮುಟ್ಟಿದ ಜಗತ್ತಿನ ಮೊದಲ ಕೆಲವು ಸಂಸ್ಥೆಗಳಲ್ಲಿ ಬೆಂಗಳೂರಿನ ಮೊಟೊರೊಲಾ ಘಟಕವೂ ಒಂದು.

ಅಷ್ಟರಲ್ಲಿ ಸಭೆಯ ಬಗ್ಗೆಯೇ ಅನುಮಾನ ಎದ್ದಿತ್ತು. ಬೆಲ್ ಲ್ಯಾಬ್ಸ್‌ನ ಲಾರೆನ್ಸ್ ವೋಟಾ 1993ರಲ್ಲಿ ತೋರಿಸಿದಂತೆ, ಹೆಚ್ಚಿನ ತಪ್ಪುಗಳು ಸಿಗುವುದು ಒಬ್ಬೊಬ್ಬರೇ ಕೂತು ಓದುವಾಗ. ಸಭೆಯಲ್ಲಿ ಹೊಸದಾಗಿ ಸಿಗುವುದು ಅಲ್ಪ, ಎಲ್ಲರ ಬಿಡುವು ಹೊಂದಿಸಲು ಕಾಯುವ ಹೊತ್ತೇ ಜಾಸ್ತಿ. ಲಿನಕ್ಸ್ ಕರ್ನೆಲ್ ತಂಡದವರಂತೂ ಬೇರೆ ಬೇರೆ ಖಂಡಗಳಲ್ಲಿದ್ದವರು. ಪ್ಯಾಚ್‌ಗಳನ್ನು, ಅಂದರೆ ಕೋಡಿನ ಬದಲಾವಣೆಗಳನ್ನು, ಇಮೇಲ್‌ನಲ್ಲಿ ಕಳಿಸಿ ಬಹಿರಂಗವಾಗಿಯೇ ಚರ್ಚಿಸುತ್ತಿದ್ದರು. 2005ರಲ್ಲಿ ಕೋಡಿನ ಆವೃತ್ತಿಗಳನ್ನು ನಿಭಾಯಿಸುವ ಗಿಟ್ ಬಂತು; 2008ರಲ್ಲಿ ಶುರುವಾದ ಗಿಟ್‌ಹಬ್‌ನ ‘ಪುಲ್ ರಿಕ್ವೆಸ್ಟ್’ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಈ ರೂಢಿಯನ್ನು ಎಲ್ಲರ ಕೈಗೆಟುಕಿಸಿತು. ಗೂಗಲ್‌ನೊಳಗೆ ಪೈಥಾನ್ ಭಾಷೆಯ ಜನಕ ಗೀಡೊ ವಾನ್ ರಾಸಮ್ ‘ಮಾಂಡ್ರಿಯಾನ್’ ಎಂಬ ರಿವ್ಯೂ ಸಾಧನ ಕಟ್ಟಿದ್ದರು. ಆಂಡ್ರಾಯ್ಡ್‌ಗಾಗಿ ರೂಪುಗೊಂಡ ‘ಗೆರಿಟ್’ ಅದೇ ಪರಂಪರೆಯದು.

ತಪ್ಪು ಹಿಡಿಯುವುದೇ ರಿವ್ಯೂವಿನ ಮುಖ್ಯ ಫಲ ಎಂಬ ನಂಬಿಕೆ ಮಾತ್ರ ಅಲುಗಾಡಿತು. ಮೈಕ್ರೋಸಾಫ್ಟ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸಿಗುವ ದೋಷಗಳು ನಿರೀಕ್ಷೆಗಿಂತ ಕಡಿಮೆ. ಒಬ್ಬರ ತಿಳಿವಳಿಕೆ ಇನ್ನೊಬ್ಬರಿಗೆ ದಾಟುವುದು, ಯಾರು ಏನು ಮಾಡುತ್ತಿದ್ದಾರೆಂಬುದು ತಂಡಕ್ಕೆ ಗೊತ್ತಾಗುವುದು ದೊಡ್ಡ ಲಾಭ. ಮರುವರ್ಷ ಬಯಲಾದ ‘ಹಾರ್ಟ್‌ಬ್ಲೀಡ್’ ದೋಷ ರಿವ್ಯೂವಿನ ಮಿತಿಯ ಇನ್ನೊಂದು ಮುಖ ತೋರಿಸಿತು. ಇಂಟರ್ನೆಟ್ ಸಂಪರ್ಕಗಳನ್ನು ಗುಪ್ತವಾಗಿಡುವ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್‌ನಲ್ಲಿ, ಎದುರಿನ ಯಂತ್ರ ಒಂದೆರಡು ಅಕ್ಷರ ಕಳಿಸಿ “64 ಕಿಲೋಬೈಟ್ ಕಳಿಸಿದ್ದೇನೆ, ವಾಪಸ್ ಕೊಡು” ಎಂದರೆ ಸರ್ವರ್ ಅದನ್ನು ನಂಬಿ, ಪಕ್ಕದ ಮೆಮೊರಿಯಲ್ಲಿದ್ದ ಗುಟ್ಟುಗಳನ್ನೂ ಸೇರಿಸಿ ಕೊಟ್ಟುಬಿಡುತ್ತಿತ್ತು. ಉದ್ದ ಸರಿಯಿದೆಯೇ ಎಂದು ನೋಡುವ ತಪಾಸಣೆ ಇರಲಿಲ್ಲ. ಆ ಕೋಡ್ ಸೇರಿಸುವ ಮುನ್ನ ರಿವ್ಯೂ ಆಗಿತ್ತು. ಬರೆದವರ ಕಣ್ಣು ತಪ್ಪಿಸಿದ್ದು ಓದಿದವರ ಕಣ್ಣನ್ನೂ ತಪ್ಪಿಸಿತ್ತು.

ಇಂದಿನ ರೂಢಿ ಸಣ್ಣ ಸಣ್ಣ ಬದಲಾವಣೆಗಳದ್ದು. 2018ರಲ್ಲಿ ಪ್ರಕಟವಾದ ಗೂಗಲ್‌ನ ಅಧ್ಯಯನದಲ್ಲಿ ಒಂದು ಬದಲಾವಣೆಯ ಮಧ್ಯಾಂಕ ಗಾತ್ರ 24 ಸಾಲು. ಮುಕ್ಕಾಲು ಪಾಲಿಗಿಂತ ಹೆಚ್ಚಿನವಕ್ಕೆ ಒಬ್ಬರ ಒಪ್ಪಿಗೆಯೇ ಸಾಕಾಗಿತ್ತು.