ಕೊನೆಯ ಬೆಂಚಿನಿಂದ ಕಾಣುವುದು

ಹೈದರಾಬಾದಿನ ಹಿಮಾಯತ್‌ನಗರದಂಥ ಕಡೆ ತರಗತಿಯಲ್ಲಿ ಕಿವಿಗೊಟ್ಟು ಕೂತರೆ ಪಾಠ ಇಂಗ್ಲಿಷಿನಲ್ಲಿ ಕೇಳಿಸುತ್ತದೆ. ಪಕ್ಕದವರಿಂದ ರಬ್ಬರ್ ಕೇಳುವುದು ತೆಲುಗಿನಲ್ಲಿ, ಜಗಳ ದಖನಿಯಲ್ಲಿ. ಉರ್ದು ಹಾಲ್ ಇರುವ ಬಡಾವಣೆ ಇದು. ಹತ್ತಿರದ ಕಾಚಿಗುಡದಲ್ಲಿ ಕನ್ನಡಿಗರ ನೃಪತುಂಗ ಶಾಲೆಯಿದೆ. ಇಂಥ ತರಗತಿಯ ಕೊನೆಯ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ಹಿಡಿದು ಕೂರುವ ಬಿ.ಎಡ್. ವಿದ್ಯಾರ್ಥಿನಿ ಏನನ್ನು ನೋಡಬೇಕು? ಇದಕ್ಕೆ ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿದೆ.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್, ಸ್ಥಳೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಕಂಡ. ನಮ್ಮ ಕೂಲಿಮಠಗಳಲ್ಲಿ ದಿನನಿತ್ಯ ನಡೆಯುತ್ತಿದ್ದ ಕೆಲಸವೇ ಅದು. ಆತ ಅದನ್ನು ತನ್ನ ಶಾಲೆಗೆ ತಂದ, ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವ ಕ್ರಮವನ್ನೂ ಬೆಳೆಸಿ 1797ರಲ್ಲಿ ಪುಸ್ತಕ ಬರೆದ. ಆಮೇಲೆ ಶಿಕ್ಷಕರನ್ನು ತರಬೇತುಗೊಳಿಸಲು ಬಂದ ನಾರ್ಮಲ್ ಶಾಲೆಗಳಲ್ಲಿ ನೋಡುವುದೆಂದರೆ ಅನುಕರಿಸುವುದು ಎಂದಾಯಿತು. ಹಿರಿಯ ಉಪಾಧ್ಯಾಯರು ಮಾದರಿ ಪಾಠ ಮಾಡಬೇಕು, ಕಲಿಯುವವರು ಅದರಂತೆ ಮಾಡಿ ತೋರಿಸಬೇಕು. ಜರ್ಮನ್ ಶಿಕ್ಷಣ ಚಿಂತಕ ಹರ್ಬಾರ್ಟನ ಅನುಯಾಯಿಗಳು ರೂಪಿಸಿದ ಐದು ಹಂತಗಳ ನೆರಳು ಇಂದಿನ ಪಾಠ ಯೋಜನೆಗಳ ಮೇಲೂ ಇದೆ.

ನೋಡುವುದೆಂದರೆ ಅನುಕರಿಸುವುದು ಎಂಬುದನ್ನು ಖಚಿತವಾಗಿ ಪ್ರಶ್ನಿಸಿದವರು ಅಮೆರಿಕದ ತತ್ವಜ್ಞಾನಿ ಜಾನ್ ಡ್ಯೂಯಿ. ಒಳ್ಳೆಯ ಶಿಕ್ಷಕರ ಉಪಾಯಗಳನ್ನು ಕೂಡಿಹಾಕಲು ಹೋಗಬೇಡಿ, ಮಕ್ಕಳ ಮನಸ್ಸು ಹೇಗೆ ಓಡುತ್ತದೆಂದು ನೋಡಲು ಹೋಗಿ ಎಂಬುದು 1904ರ ಅವರ ಪ್ರಬಂಧದ ಸಾರ. ಈ ಕ್ಷೇತ್ರದಲ್ಲಿ ಇದಕ್ಕಿಂತ ದೊಡ್ಡ ಮಾತು ಇನ್ನೂ ಬಂದಿಲ್ಲವೆಂದೇ ನನ್ನ ನಂಬಿಕೆ. ಆದರೆ ಕ್ಷೇತ್ರ ಆ ದಾರಿ ಹಿಡಿಯದೆ ಎಣಿಕೆಯ ಕಡೆಗೆ ಹೊರಳಿತು.

ಅಮೆರಿಕದ ಶಿಕ್ಷಣ ಸಂಶೋಧಕ ನೆಡ್ ಫ್ಲಾಂಡರ್ಸ್ ತರಗತಿಯ ಮಾತನ್ನು ಎಣಿಸಲು ರೂಪಿಸಿದ ಪದ್ಧತಿಯಲ್ಲಿ ವೀಕ್ಷಕರು ಮೂರು ಸೆಕೆಂಡಿಗೊಮ್ಮೆ ಒಂದು ಅಂಕಿ ಬರೆಯಬೇಕು. 45 ನಿಮಿಷದ ಅವಧಿಗೆ 900 ಅಂಕಿ. ಒಟ್ಟು ಹತ್ತು ವರ್ಗಗಳು: ಏಳು ಶಿಕ್ಷಕರ ಮಾತಿಗೆ, ಎರಡು ಮಕ್ಕಳ ಮಾತಿಗೆ, ಹತ್ತನೆಯದು ಮೌನ ಅಥವಾ ಗೊಂದಲಕ್ಕೆ. ತರಗತಿಯ ಮೂರನೇ ಎರಡು ಪಾಲು ಸಮಯ ಮಾತಿನಲ್ಲೇ ಹೋಗುತ್ತದೆ, ಅದರಲ್ಲಿ ಮೂರನೇ ಎರಡು ಪಾಲು ಶಿಕ್ಷಕರದೇ ಎಂದು ಅವರು ತೋರಿಸಿಕೊಟ್ಟದ್ದು ಸಣ್ಣ ಸಾಧನೆಯಲ್ಲ. ಆದರೂ ಆ ಹತ್ತನೆಯ ವರ್ಗ ನನ್ನನ್ನು ಕಾಡುತ್ತದೆ. ಮಗು ಯೋಚಿಸುತ್ತ ಸುಮ್ಮನಿದ್ದರೂ, ತರಗತಿಯಲ್ಲಿ ಗಲಾಟೆ ಎದ್ದರೂ ಬೀಳುವುದು ಒಂದೇ ಅಂಕಿ. ಮಾತು ಯಾವ ಭಾಷೆಯದು ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ.

1963ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಸೂಕ್ಷ್ಮಬೋಧನೆ ಹುಟ್ಟಿತು. ಅದೇ ದಶಕದಲ್ಲಿ ಅಲಹಾಬಾದಿನ ಮೂಲಕ ಭಾರತಕ್ಕೂ ಬಂತು. ಒಮ್ಮೆಗೆ ಒಂದೇ ಕೌಶಲ, ಆರು ನಿಮಿಷದ ಪಾಠ, ಕೂಡಲೇ ವಿಮರ್ಶೆ, ಮತ್ತೆ ಪಾಠ. ಅಭ್ಯಾಸಕ್ಕೆ ಒಳ್ಳೆಯದೇ. ಆದರೆ ನಮ್ಮ ಕಾಲೇಜುಗಳಲ್ಲಿ ಎದುರಿಗೆ ಕೂರುವವರು ಸಹಪಾಠಿಗಳು. ಉತ್ತರ ಗೊತ್ತಿದ್ದೂ ಮಗುವಿನಂತೆ ಕೈಯೆತ್ತುವವರು. 1975ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ ಇನ್ನೊಂದು ತೊಡಕನ್ನು ಗುರುತಿಸಿದರು: ಶಿಕ್ಷಕರಾಗಬೇಕೆಂದು ಬರುವವರು ಬಾಲ್ಯದಿಂದಲೇ ಸಾವಿರಾರು ಗಂಟೆ ಶಿಕ್ಷಕರನ್ನು ನೋಡಿರುತ್ತಾರೆ. ಕಂಡದ್ದು ರಂಗದ ಮೇಲಿನ ಆಟ ಮಾತ್ರ, ಅದರ ಹಿಂದಿನ ಸಿದ್ಧತೆಯಲ್ಲ.

ನೋಡುವುದರಿಂದ ನಿಜಕ್ಕೂ ಏನಾಗಬಹುದು ಎಂಬುದಕ್ಕೆ ನಮ್ಮದೇ ಉದಾಹರಣೆಯಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲಾ ಶಿಕ್ಷಕರು ಮದನಪಲ್ಲಿಯ ಬಳಿಯ ರಿಷಿವ್ಯಾಲಿಯ ಹಳ್ಳಿ ಶಾಲೆಗಳಿಗೆ ಹೋದರು. ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗೂಡಿ, ಕಲಿಕಾ ಕಾರ್ಡುಗಳನ್ನು ತಾವೇ ಆರಿಸಿಕೊಂಡು, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದರು. ಮರಳಿದವರು ಕನ್ನಡದ ಕಾರ್ಡುಗಳನ್ನು, ಕಲಿಕೆಯ ಏಣಿಯನ್ನು ತಾವೇ ಕಟ್ಟಿದರು. ಅದೇ ನಲಿಕಲಿ. 2009ರ ಹೊತ್ತಿಗೆ ಅದು ರಾಜ್ಯದ ಕನ್ನಡ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆ ಹರಡಿತು. ಅವರು ನೋಡಿದ್ದು ಶಿಕ್ಷಕರ ಮಾತುಗಾರಿಕೆಯನ್ನಲ್ಲ, ಮಕ್ಕಳ ಕೈಗಳನ್ನು. ಕಪ್ಪು ಹಲಗೆಯ ಬಳಕೆ, ಧ್ವನಿಯ ಏರಿಳಿತ ಎಂದು ಅಂಕಣ ಹಾಕಿದ ಹಳೆಯ ವೀಕ್ಷಣಾ ಪಟ್ಟಿಯನ್ನು ನಲಿಕಲಿ ತರಗತಿಗೆ ಒಯ್ದರೆ ತುಂಬಿಸುವುದೇನನ್ನು?

ಶಿಕ್ಷಕರ ಶಿಕ್ಷಣ ಕುರಿತ 2012ರ ನ್ಯಾಯಮೂರ್ತಿ ವರ್ಮಾ ಆಯೋಗದ ವರದಿಯ ನಂತರ, ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಗಳು ಬಿ.ಎಡ್. ಅನ್ನು ಎರಡು ವರ್ಷಕ್ಕೆ ಏರಿಸಿ, ಇಪ್ಪತ್ತು ವಾರಗಳನ್ನು ಶಾಲೆಗೆ ಮೀಸಲಿಟ್ಟವು. ಇಂಟರ್ನ್‌ಷಿಪ್ಪಿನ ಆರಂಭದ ಒಂದು ವಾರ ಖಾಯಂ ಶಿಕ್ಷಕರ ತರಗತಿಯನ್ನು ನೋಡುವುದಕ್ಕೇ ಇದೆ. ಆ ವಾರ ಸಹಿ ಹಾಕಿಸಿಕೊಳ್ಳುವ ವಾರವಾಗಬಾರದು.

ಹೈದರಾಬಾದಿನಲ್ಲಿ ಹೀಗೆ ಮಕ್ಕಳನ್ನು ನೋಡುವುದಕ್ಕೆ ಹೆಚ್ಚಿನ ತೂಕವಿದೆ. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮ ಆಗ ಉರ್ದುವಾಗಿತ್ತು. ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ, ಬೀದರ್, ರಾಯಚೂರುಗಳಿಂದ ಅಲ್ಲಿಗೆ ಓದಲು ಬಂದ ಕನ್ನಡದ ಹುಡುಗರು ಮನೆಮಾತನ್ನು ಬಾಗಿಲಾಚೆ ಬಿಟ್ಟು ಒಳಗೆ ಕೂರಬೇಕಿತ್ತು. ಇಂದು ಉರ್ದುವಿನ ಜಾಗದಲ್ಲಿ ಇಂಗ್ಲಿಷ್ ಇದೆ, ಅಷ್ಟೇ ವ್ಯತ್ಯಾಸ. ಮಗು ಉತ್ತರಿಸದಿದ್ದಾಗ ಗೊತ್ತಿಲ್ಲದೆ ಸುಮ್ಮನಿದೆಯೋ, ಗೊತ್ತಿದ್ದೂ ಆ ಭಾಷೆ ಬಾರದೆ ಸುಮ್ಮನಿದೆಯೋ ಎಂಬುದು ಹಲಗೆಯ ಮುಂದೆ ನಿಂತವರಿಗೆ ಬೇಗ ಕಾಣದು. ಕೊನೆಯ ಬೆಂಚಿಗೆ ಕಾಣುತ್ತದೆ.

ಈ ವರ್ಷ ಆ ಬೆಂಚಿನಲ್ಲಿ ಕೂರುವವರಲ್ಲಿ ಒಂದು ಕೋರಿಕೆ. ಮೊದಲ ದಿನ ಶಿಕ್ಷಕರ ಬಗ್ಗೆ ಏನನ್ನೂ ಬರೆಯಬೇಡಿ. ಒಂದು ಮಗುವನ್ನು ಆರಿಸಿಕೊಂಡು, ಆ ಅವಧಿಯಲ್ಲಿ ಅದು ಯಾರೊಂದಿಗೆ, ಯಾವ ಭಾಷೆಯಲ್ಲಿ, ಎಷ್ಟು ಸಲ ಮಾತಾಡಿತು ಎಂದಷ್ಟೇ ಬರೆದುಕೊಳ್ಳಿ.