ಶಾಸ್ತ್ರ ಮತ್ತು ಕಿವಿ: ಹಿಟ್ನಾಳ ಸೀಮೆಯಿಂದ ಸಂಗೀತದ ಉನ್ನತ ವ್ಯಾಸಂಗ

ಹೊಸಪೇಟೆಯಿಂದ ಕುಷ್ಟಗಿಯತ್ತ ಸಾಗುವ ಹೆದ್ದಾರಿಯಲ್ಲಿ, ಗಂಗಾವತಿಯ ರಸ್ತೆ ಕೂಡುವಲ್ಲಿ ಇರುವ ಊರು ಹಿಟ್ನಾಳ. ಸಂಗೀತ ಕಲಿಯುವವರಿಗೆ ಇದು ಎರಡು ಪರಂಪರೆಗಳ ನಡುವಿನ ಜಾಗ. ಪೂರ್ವಕ್ಕೆ ವಿಜಯನಗರ, ಸಂಗೀತಶಾಸ್ತ್ರದ ದೊಡ್ಡ ಗ್ರಂಥಗಳು ಹುಟ್ಟಿದ ನೆಲ. ಪಶ್ಚಿಮಕ್ಕೆ ಗದಗ, ಧಾರವಾಡ, ಕಿವಿಯಿಂದ ಕಿವಿಗೆ ವಿದ್ಯೆ ದಾಟಿಸಿದ ಗವಾಯಿಗಳ ನಾಡು. ಇಂದಿನ ಕಾಲೇಜಿನ ಪಠ್ಯದಲ್ಲಿ ‘ಶಾಸ್ತ್ರ’ ಮತ್ತು ‘ಪ್ರಾಯೋಗಿಕ’ ಎಂದು ಬೇರೆ ಬೇರೆ ಪತ್ರಿಕೆಗಳಿದ್ದರೂ ಶಾಸ್ತ್ರದ ಪ್ರತಿಯೊಂದು ಮಾತನ್ನೂ ಕೊನೆಗೆ ಕಿವಿಯೇ ಒಪ್ಪಬೇಕು.

ವಿಜಯನಗರದ ಶಾಸ್ತ್ರಕಾರರು

ಶಾರ್ಙ್ಗದೇವನ ‘ಸಂಗೀತ ರತ್ನಾಕರ’ ಹದಿಮೂರನೆಯ ಶತಮಾನದ್ದು. ಅದಕ್ಕೆ ‘ಕಲಾನಿಧಿ’ ಎಂಬ ಹೆಸರಾಂತ ವ್ಯಾಖ್ಯಾನ ಬರೆದ ಕಲ್ಲಿನಾಥ ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿದ್ದವನು. 1550ರಲ್ಲಿ ಅಳಿಯ ರಾಮರಾಯನ ಪ್ರೇರಣೆಯಿಂದ ರಾಮಾಮಾತ್ಯ ‘ಸ್ವರಮೇಳಕಲಾನಿಧಿ’ಯನ್ನು ರಚಿಸಿದ. ರಾಗಗಳನ್ನು 20 ಮೇಳಗಳಲ್ಲಿ ವಿಂಗಡಿಸಿದ ಈ ಕೃತಿ ವೀಣೆಯ ಮೆಟ್ಟಿಲುಗಳನ್ನು ಎಲ್ಲಿ ಕೂರಿಸಬೇಕೆಂದೂ ಹೇಳುತ್ತದೆ. ತಾನಾಗಿಯೇ ಹುಟ್ಟುವ ‘ಸ್ವಯಂಭೂ’ ಸ್ವರಗಳ ಮಾತು ಅದರಲ್ಲಿ ಬರುತ್ತದೆ.

ಮುಂದೆ ಹದಿನೇಳನೆಯ ಶತಮಾನದಲ್ಲಿ ವೆಂಕಟಮಖಿ ‘ಚತುರ್ದಂಡಿ ಪ್ರಕಾಶಿಕೆ’ಯಲ್ಲಿ 72 ಮೇಳಗಳ ಲೆಕ್ಕ ಕೊಟ್ಟ. ಶುದ್ಧ ಮಧ್ಯಮದ 36, ಪ್ರತಿ ಮಧ್ಯಮದ 36. ಕರ್ನಾಟಕ ಸಂಗೀತ ಕಲಿಯುವವರು ಇಂದಿಗೂ ಇದೇ ಚೌಕಟ್ಟಿನಲ್ಲಿ ಓದುತ್ತಾರೆ.

ಹತ್ತು ಥಾಟ್‌ಗಳು ಮತ್ತು 484ರ ಲೆಕ್ಕ

ಕೊಪ್ಪಳ, ಗದಗ, ಧಾರವಾಡದ ಕಡೆ ಹೆಚ್ಚಾಗಿ ಕಲಿಯುವುದು ಹಿಂದೂಸ್ತಾನಿ. ಅದರ ಪಠ್ಯಕ್ಕೆ ತಳಪಾಯ ಹಾಕಿದವರು ವಿಷ್ಣು ನಾರಾಯಣ ಭಾತಖಂಡೆ (1860–1936). ಬಿಲಾವಲ್, ಕಲ್ಯಾಣ್, ಖಮಾಜ್, ಭೈರವ್, ಪೂರ್ವಿ, ಮಾರ್ವಾ, ಕಾಫಿ, ಆಸಾವರಿ, ಭೈರವಿ, ತೋಡಿ ಎಂಬ ಹತ್ತು ಥಾಟ್‌ಗಳಲ್ಲಿ ರಾಗಗಳನ್ನು ಜೋಡಿಸಿದವರು ಅವರೇ. ಕೋಮಲ ಸ್ವರದ ಕೆಳಗೆ ಅಡ್ಡಗೆರೆ, ತೀವ್ರ ಮಧ್ಯಮದ ಮೇಲೆ ನೇರಗೆರೆ, ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ ಹಾಕುವ ಸ್ವರಲಿಪಿಯೂ ಅವರದು.

ಶಾಸ್ತ್ರದ ಪತ್ರಿಕೆಯಲ್ಲಿ ಬರುವ ಒಂದು ಲೆಕ್ಕ ಹೀಗಿದೆ. ಏಳು ಸ್ವರಗಳ ಒಂದು ಥಾಟ್‌ನಲ್ಲಿ ಷಡ್ಜವನ್ನು ಬಿಡುವಂತಿಲ್ಲ. ಏಳನ್ನೂ ಬಳಸಿದರೆ ಆರೋಹ ಒಂದೇ ಬಗೆ. ಒಂದು ಸ್ವರ ಬಿಟ್ಟರೆ 6 ಬಗೆ, ಎರಡು ಬಿಟ್ಟರೆ 15 ಬಗೆ, ಒಟ್ಟು 22. ಅವರೋಹವೂ 22. ಗುಣಿಸಿದರೆ 484. ಹತ್ತು ಥಾಟ್‌ಗಳಿಗೆ 4,840. 72 ಮೇಳಗಳಿಗೆ 34,848.

ಆದರೆ ಹಾಡುವ ರಾಗಗಳು ಇದರ ಸಣ್ಣ ಪಾಲು ಮಾತ್ರ. ಆರೋಹ-ಅವರೋಹ ಬರೆದ ಮಾತ್ರಕ್ಕೆ ರಾಗವಾಗುವುದಿಲ್ಲ; ಚಲನೆ, ನಿಲುಗಡೆ, ವಾದಿ-ಸಂವಾದಿ ಕೂಡಿಬರಬೇಕು. ಇತ್ತ ಅಹಿರ್ ಭೈರವ್, ಮಧುವಂತಿ, ಚಾರುಕೇಶಿಯಂಥ ರಾಗಗಳು ಹತ್ತು ಥಾಟ್‌ಗಳ ಯಾವ ಮನೆಯಲ್ಲೂ ಸರಿಯಾಗಿ ಕೂರುವುದಿಲ್ಲ. ಉನ್ನತ ತರಗತಿಯಲ್ಲಿ ಥಾಟ್ ಪದ್ಧತಿಯನ್ನು ಅದರ ಮಿತಿಗಳ ಜೊತೆಗೇ ಚರ್ಚಿಸುತ್ತಾರೆ.

ಶ್ರುತಿ: ಬರೆದದ್ದು ಮತ್ತು ಕೇಳಿದ್ದು

ಭರತನ ನಾಟ್ಯಶಾಸ್ತ್ರ ಒಂದು ಸಪ್ತಕದಲ್ಲಿ 22 ಶ್ರುತಿಗಳನ್ನು ಹೇಳುತ್ತದೆ. ಷಡ್ಜ, ಮಧ್ಯಮ, ಪಂಚಮಗಳಿಗೆ ನಾಲ್ಕು ನಾಲ್ಕು. ರಿಷಭ, ಧೈವತಗಳಿಗೆ ಮೂರು ಮೂರು. ಗಾಂಧಾರ, ನಿಷಾದಗಳಿಗೆ ಎರಡೆರಡು. ಇದನ್ನು ತೋರಿಸಲು ಭರತ ಎರಡು ವೀಣೆಗಳ ಪ್ರಯೋಗ ವಿವರಿಸಿದ್ದಾನೆ. ಒಂದರ ಶ್ರುತಿ ಸ್ಥಿರ, ಇನ್ನೊಂದನ್ನು ಹಂತಹಂತವಾಗಿ ಇಳಿಸಿ ಎರಡನ್ನೂ ಹೋಲಿಸುವುದು. ಆ ಕಾಲಕ್ಕೆ ಕಿವಿಯೇ ಅಳತೆಗೋಲು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಾಂಗ್ಲಿಯ ಕೆ. ಬಿ. ದೇವಲ್ ಶ್ರುತಿಗಳನ್ನು ಅಂಕಿಗಳಲ್ಲಿ ಹಿಡಿಯಲು ಹೊರಟಾಗಲೂ ಕಿರಾನಾ ಘರಾನಾದ ಅಬ್ದುಲ್ ಕರೀಂ ಖಾನರ ಕಂಠದ ನೆರವು ಪಡೆದರು. ಅವರ ಪುಸ್ತಕ ಹೊರಬಂದದ್ದು 1910ರಲ್ಲಿ.

ಇಂದು ಸಪ್ತಕವನ್ನು 1,200 ಸೆಂಟ್‌ಗಳಾಗಿ ಭಾಗಿಸಿ ಅಳೆಯುತ್ತಾರೆ. ಹಾರ್ಮೋನಿಯಂನ ಶುದ್ಧ ಗಾಂಧಾರ 400 ಸೆಂಟ್‌ನಲ್ಲಿರುತ್ತದೆ. ತಂಬೂರಿಯ ತಂತಿ ತಾನಾಗಿ ಹೊರಡಿಸುವ ಗಾಂಧಾರ ಸುಮಾರು 386. ಈ 14 ಸೆಂಟ್‌ಗಳ ಅಂತರ ಪಳಗಿದ ಕಿವಿಗೆ ತಿಳಿಯುತ್ತದೆ. ಪಂಚಮದಲ್ಲಿ ಅಂತರ ಎರಡೇ ಸೆಂಟ್. ಹಾರ್ಮೋನಿಯಂ ಮೇಲಿನ ಹಳೆಯ ತಕರಾರಿಗೆ ಇದೂ ಒಂದು ಕಾರಣ. ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿ ಮೂರು ದಶಕ ದೂರವಿಟ್ಟಿತ್ತು.

ಕಿವಿಯ ತಾಲೀಮು

ಪಾಶ್ಚಾತ್ಯ ಸಂಗೀತ ಶಾಲೆಗಳಲ್ಲಿ ಪಿಯಾನೋದಲ್ಲಿ ಎರಡು ಸ್ವರ ನುಡಿಸಿ ಅಂತರ ಹೇಳಿಸುತ್ತಾರೆ, ಒಂದು ಧಾಟಿ ಕೇಳಿಸಿ ಬರೆಸುತ್ತಾರೆ. ನಮ್ಮಲ್ಲಿ ಕಿವಿಯ ಪಾಠ ತಂಬೂರಿಯಿಂದ ಶುರು. ನಾಲ್ಕು ತಂತಿಗಳನ್ನು ಪಂಚಮ, ಷಡ್ಜ, ಷಡ್ಜ, ಖರ್ಜಕ್ಕೆ (ಮಂದ್ರ ಷಡ್ಜಕ್ಕೆ) ಕೂಡಿಸಬೇಕು. ಪಂಚಮವಿಲ್ಲದ ಮಾರ್ವಾ, ಪೂರಿಯಾ ಹಾಡುವಾಗ ಮೊದಲ ತಂತಿಯನ್ನು ನಿಷಾದಕ್ಕೆ ಏರಿಸುವುದುಂಟು. ತಂತಿಯ ಝೇಂಕಾರ, ಅಂದರೆ ಜವಾರಿ, ಸರಿಹೋದರೆ ಖರ್ಜದೊಳಗಿಂದ ಗಾಂಧಾರ ಕೇಳಿಬರುತ್ತದೆ.

ಎರಡನೆಯ ಹಂತ, ಗುರು ಹಾಡಿದ್ದನ್ನು ಸ್ವರದಲ್ಲಿ ಹೇಳುವುದು. ಮೂರನೆಯದು, ಒಂದೇ ಸ್ವರಗಳ ರಾಗಗಳನ್ನು ಬೇರ್ಪಡಿಸುವುದು. ಭೂಪಾಲಿಗೂ ದೇಶ್‌ಕಾರಿಗೂ ಇರುವುದು ಸ, ರಿ, ಗ, ಪ, ಧ ಮಾತ್ರ. ಭೂಪಾಲಿ ಗಾಂಧಾರವನ್ನು ಹಿಡಿದು ಕೆಳಗೆ ಸುಳಿಯುವ ಸಂಜೆಯ ರಾಗ. ದೇಶ್‌ಕಾರ್ ಧೈವತ ಹಿಡಿದು ಮೇಲೆ ಚಲಿಸುವ ಬೆಳಗಿನ ರಾಗ. ಮಾರ್ವಾ, ಪೂರಿಯಾ, ಸೋಹನಿ ಮೂರಕ್ಕೂ ಸ್ವರಗಳು ಅವೇ. ಪೂರಿಯಾ ಮಂದ್ರಕ್ಕೆ ವಾಲುತ್ತದೆ, ಸೋಹನಿ ತಾರ ಷಡ್ಜದ ಸುತ್ತ ಓಡಾಡುತ್ತದೆ. ದರ್ಬಾರಿಯ ಆಂದೋಲಿತ ಗಾಂಧಾರವನ್ನಂತೂ ಕಾಗದದ ಮೇಲೆ ಒಂದು ಗೆರೆಯಿಂದ ತೋರಿಸಲಾಗದು.

ತಾಳಕ್ಕೂ ಇದೇ ಮಾತು. ತೀನ್‌ತಾಲ್ 16 ಮಾತ್ರೆ, ಏಕ್‌ತಾಲ್ 12, ಝಪ್‌ತಾಲ್ 10, ರೂಪಕ್ 7. ದುಗುಣ, ತಿಗುಣ, ಚೌಗುಣ ಬರೆಯುವುದು ಕೂಡಿಸಿ ಕಳೆಯುವ ಲೆಕ್ಕ. ಎರಡು ಮಾತ್ರೆಯಲ್ಲಿ ಮೂರು ಅಕ್ಷರ ಕೂರಿಸುವ ‘ಆಡ್’ ಲಯವನ್ನು ಕೈಯಲ್ಲಿ ತಾಳ ಹಾಕುತ್ತಾ ನುಡಿಯುವಾಗ ನಿಜವಾದ ಪರೀಕ್ಷೆ.

ಗದಗದ ಮಾದರಿ

ಕಿವಿಯ ಶಿಕ್ಷಣ ಎಷ್ಟು ದೂರ ಕರೆದೊಯ್ಯಬಲ್ಲದು ಎಂಬುದಕ್ಕೆ ಗದಗದ ವೀರೇಶ್ವರ ಪುಣ್ಯಾಶ್ರಮವೇ ಸಾಕ್ಷಿ. ಅದನ್ನು ಕಟ್ಟಿದ ಪಂಚಾಕ್ಷರ ಗವಾಯಿಗಳು (1892–1944) ಅಂಧರು. ಮುಂದೆ ನಡೆಸಿದ ಪುಟ್ಟರಾಜ ಗವಾಯಿಗಳು (1914–2010) ಕೂಡ ಅಂಧರು. ಹಲವು ವಾದ್ಯಗಳನ್ನು ನುಡಿಸಿದ ಅವರು ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಕೃತಿಗಳನ್ನೂ ರಚಿಸಿದರು. ಪುಸ್ತಕ ಕಣ್ಣಿಗೆ ಕಾಣದ ಮಕ್ಕಳು ಇಲ್ಲಿ ಕೇಳಿ, ನೆನಪಿಟ್ಟು, ಮರಳಿ ಹಾಡಿ ವಿದ್ವಾಂಸರಾದರು. ಬಸವರಾಜ ರಾಜಗುರು, ಎಂ. ವೆಂಕಟೇಶಕುಮಾರ್ ಅವರಂಥ ಗಾಯಕರೂ ಈ ಆಶ್ರಮದಲ್ಲಿ ಪಳಗಿದವರೇ.

ಓದುವ ದಾರಿಗಳು

ಮುನಿರಾಬಾದ್, ಗಿಣಿಗೇರಾ, ಕೊಪ್ಪಳ ನಿಲ್ದಾಣಗಳಿಂದ ಗದಗ, ಹುಬ್ಬಳ್ಳಿ, ಧಾರವಾಡಕ್ಕೆ ಒಂದೇ ರೈಲುಮಾರ್ಗ. ಪುಣ್ಯಾಶ್ರಮದ ಆಶ್ರಯದಲ್ಲಿ ಸಂಗೀತ ಮಹಾವಿದ್ಯಾಲಯವಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗಾಯಕಿ ಗಂಗೂಬಾಯಿ ಹಾನಗಲ್ ಗೌರವ ಪ್ರಾಧ್ಯಾಪಕಿಯಾಗಿ ಪಾಠ ಹೇಳಿದ್ದರು. ಅವರದೇ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಮೈಸೂರಿನಲ್ಲಿದೆ. ಹಿಟ್ನಾಳಕ್ಕೆ ಹತ್ತಿರದ ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲೂ ಸಂಗೀತದ ವಿಭಾಗವುಂಟು.

ಕಾಲೇಜು ಸೇರಲಾಗದವರಿಗೆ ಪರೀಕ್ಷೆಗಳ ದಾರಿ ಇದೆ. ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ಒಂದೆಡೆ. ಗಾಯಕ ಪಲುಸ್ಕರ್ 1901ರಲ್ಲಿ ಲಾಹೋರಿನಲ್ಲಿ ತೆರೆದ ಗಾಂಧರ್ವ ಮಹಾವಿದ್ಯಾಲಯದ ಪರಂಪರೆಯ ಮಂಡಲ ನಡೆಸುವ ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ, ಅಲಂಕಾರ ಇನ್ನೊಂದೆಡೆ.

ಯಾವ ದಾರಿ ಹಿಡಿದರೂ ಓದಿನ ಕ್ರಮ ಒಂದೇ ಇದ್ದರೆ ಲೇಸು. ವಾದಿ-ಸಂವಾದಿ ಬಾಯಿಪಾಠ ಮಾಡುವ ಮೊದಲು ಆ ರಾಗವನ್ನು ಇಬ್ಬರು ಗಾಯಕರಿಂದ ಕೇಳಿ, ಅವರು ಎಲ್ಲಿ ನಿಲ್ಲುತ್ತಾರೆಂದು ಸ್ವರಲಿಪಿಯಲ್ಲಿ ಬರೆದುಕೊಳ್ಳಬೇಕು; ಆಮೇಲೆ ಪುಸ್ತಕ ತೆರೆದು ಹೋಲಿಸಬೇಕು. ಎರಡೂ ಕೂಡದಿದ್ದಾಗ ಗುರುವಿನ ಮುಂದೆ ಇಡಲು ಒಳ್ಳೆಯ ಪ್ರಶ್ನೆಯೊಂದು ಸಿಕ್ಕಿರುತ್ತದೆ.