ಜಗಲಿ ಮೇಲೆ ಕೂತ ಗಂಡ

ಈ ವಾರದ ವಿಷಯ ಸ್ವಲ್ಪ ಮುಜುಗರದ್ದು. ಪಕ್ಕದಲ್ಲಿ ಯಾರಾದ್ರೂ ಇದ್ರೆ ಇಯರ್‌ಫೋನ್ ಹಾಕ್ಕೊಳ್ಳಿ. ಹೆರಿಗೆ ಆದ ಮೇಲೆ ಗಂಡ ಹೆಂಡತಿ ಮತ್ತೆ ಯಾವಾಗ ಹತ್ತಿರ ಆಗಬಹುದು? ಇದನ್ನ ನಮ್ಮಲ್ಲಿ ಯಾರು, ಯಾರಿಗೆ ಹೇಳ್ತಿದ್ರು?

ಪ್ರಶ್ನೆ ಬಂದಿದ್ದು ಒಬ್ಬ ಗೆಳತಿಯಿಂದ. ಮಗುವಿಗೆ ಎರಡೂವರೆ ತಿಂಗಳು. ಬಾಣಂತನ ಬೆಂಗಳೂರಿನ ಫ್ಲ್ಯಾಟ್‌ನಲ್ಲೇ, ಅಮ್ಮ ಊರಿಂದ ಬಂದಿದ್ದಾರೆ. "ನೋವಾಗುತ್ತೆ ಕಣೇ. ಹೇಳಿದ್ರೆ ಅವ್ರು ಬೇಜಾರು ಮಾಡ್ಕೋತಾರೆ, ಹೇಳ್ದೆ ಇದ್ರೆ ನಂಗೆ ಭಯ" ಅಂದ್ಲು. ಡಿಸ್ಚಾರ್ಜ್ ಹಾಳೆಯಲ್ಲಿ ಕಬ್ಬಿಣದ ಮಾತ್ರೆ, ಲಸಿಕೆ ದಿನಾಂಕ ಎಲ್ಲಾ ಇತ್ತಂತೆ. ಇದೊಂದು ಇರಲಿಲ್ಲ.

ನಮ್ಮಜ್ಜಿ ತಿಪಟೂರು ಕಡೆಯವರು. ಅವರನ್ನೇ ಕೇಳಿದೆ. "ಮದುವೆ ಆಗದಿರೋ ಹುಡುಗಿ, ನಿಂಗ್ಯಾಕೆ ಅದೆಲ್ಲ" ಅಂತ ಮೊದಲು ಬೈದ್ರು. ಆಮೇಲೆ ಹೇಳಿದ್ರು. ಏಳನೇ ತಿಂಗಳಲ್ಲಿ ಸೀಮಂತ, ಅಲ್ಲಿಂದ ತವರುಮನೆ. ಮಗುವಿಗೆ ಐದು ತಿಂಗಳು ತುಂಬಿದ ಮೇಲೆ ವಾಪಸ್. "ತಾತ ಬರ್ತಿರಲಿಲ್ವಾ?" ಅಂದೆ. "ಬರೋರು. ಜಗಲಿ ಮೇಲೆ ಕೂತು, ಕಾಫಿ ಕುಡಿದು, ಮಗು ಮುಖ ನೋಡ್ಕೊಂಡು ಹೋಗೋರು." ಬಾಣಂತಿ ಕೋಣೆಯಲ್ಲಿ ಅವರ ಪಕ್ಕ ಮಲಗ್ತಿದ್ದಿದ್ದು ಅವರಮ್ಮ. ಬಿಕಾಂ ಓದಿದವಳ ಬುದ್ಧಿ, ಲೆಕ್ಕ ಹಾಕಿದೆ: ಹೆಚ್ಚುಕಮ್ಮಿ ಏಳು ತಿಂಗಳು ಗಂಡ ಹೆಂಡತಿ ಬೇರೆ ಬೇರೆ.

ಬಿಸಿನೀರು, ಸಾಂಬ್ರಾಣಿ ಹೊಗೆ, ಅಂಟಿನುಂಡೆ ಇದನ್ನೆಲ್ಲ ನಾವು ಬಾಣಂತನ ಅಂತೀವಿ. ಈ ದೂರವೂ ಬಾಣಂತನದ ಒಂದು ಭಾಗವೇ ಆಗಿತ್ತು. ಯಾರೂ ಬಾಯಿಬಿಟ್ಟು ಹೇಳದೆ, ಎರಡು ಊರುಗಳ ನಡುವಿನ ಬಸ್ ದಾರಿಯೇ ಹೇಳ್ತಿತ್ತು. ಹಳೇ ವೈದ್ಯಗ್ರಂಥಗಳಲ್ಲೂ ಗಡುವು ಇದೆ. ಸುಶ್ರುತ ಸಂಹಿತೆ ಬಾಣಂತಿ ಕಾಲವನ್ನ ಒಂದೂವರೆ ತಿಂಗಳು ಅನ್ನುತ್ತೆ, ಮತ್ತೆ ಮುಟ್ಟಾಗೋವರೆಗೆ ಅನ್ನೋ ಇನ್ನೊಂದು ಅಭಿಪ್ರಾಯವನ್ನೂ ಸೇರಿಸುತ್ತೆ. ಇವತ್ತಿನ ಡಾಕ್ಟರುಗಳು ಸಾಮಾನ್ಯವಾಗಿ ಹೇಳೋ ಆರು ವಾರಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ.

ಹಾಗಂತ ಹಳೇ ಪದ್ಧತಿಯನ್ನ ಹೊಗಳೋಕೆ ನನಗೆ ಮನಸ್ಸಿಲ್ಲ. ವಾಪಸ್ ಬಂದ ದಿನದಿಂದ ಬೇಡ ಅನ್ನೋಕೆ ಹೆಂಡತಿಗೆ ಯಾವ ನೆವವೂ ಇರ್ತಿರಲಿಲ್ಲ. "ವರ್ಷ ತುಂಬೋದ್ರೊಳಗೆ ನಿಮ್ಮ ದೊಡ್ಡಮ್ಮ ಹೊಟ್ಟೇಲಿದ್ಲು" ಅಂದ್ರು ಅಜ್ಜಿ, ಮಳೆ ಬಂತು ಅನ್ನೋ ಹಾಗೆ.

ಇದನ್ನ ಸರ್ಕಾರ ಗಮನಿಸಿದ್ದು ನಮ್ಮಲ್ಲೇ ಬೇಗ. 1930ರ ಜೂನ್ 11ರಂದು ಮೈಸೂರು ಸಂಸ್ಥಾನ ಗರ್ಭನಿರೋಧ ಕ್ಲಿನಿಕ್‌ಗಳಿಗೆ ಆದೇಶ ಹೊರಡಿಸ್ತು. ಸರ್ಕಾರವೇ ನಡೆಸಿದ ಇಂಥ ಕ್ಲಿನಿಕ್‌ಗಳಲ್ಲಿ ಜಗತ್ತಿಗೇ ಮೊದಲನೆಯವು ಅಂತ ಇವನ್ನ ಗುರುತಿಸ್ತಾರೆ. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆ. ಐದು ವರ್ಷ ಆದ ಮೇಲೆ, 1935ರ ಡಿಸೆಂಬರ್‌ನಲ್ಲಿ, ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಹೋಗಿ ಗಾಂಧೀಜಿ ಜೊತೆ ವಾದ ಮಾಡಿದ್ರು. ಗಾಂಧೀಜಿ ಪ್ರಕಾರ ಗಂಡ ಹೆಂಡತಿ ಕೂಡೋದು ಸಂತಾನಕ್ಕೆ ಮಾತ್ರ, ಉಳಿದದ್ದಕ್ಕೆ ಸಂಯಮವೇ ಮದ್ದು. ಸ್ಯಾಂಗರ್ ಪ್ರಕಾರ ಅದು ಪ್ರೀತಿಯೂ ಹೌದು. ನನಗೆ ಸ್ಯಾಂಗರ್ ಮಾತು ಹತ್ತಿರ. ಆದ್ರೆ ಅಷ್ಟು ದೊಡ್ಡ ಚರ್ಚೆಯಲ್ಲೂ ನನ್ನ ಗೆಳತಿಯ ಪ್ರಶ್ನೆಗೆ ಜಾಗ ಇರಲಿಲ್ಲ. ಮಕ್ಕಳು ಎಷ್ಟು ಅನ್ನೋದೇ ಲೆಕ್ಕ.

ಕನ್ನಡದಲ್ಲಿ ಈ ಮಾತನ್ನ ಮನೆಯೊಳಗೆ ತಂದವರಲ್ಲಿ ಡಾ. ಅನುಪಮಾ ನಿರಂಜನ ಮುಖ್ಯರು. ವೈದ್ಯೆ, ಕಾದಂಬರಿಗಾರ್ತಿ. 'ದಾಂಪತ್ಯ ದೀಪಿಕೆ', 'ವಧುವಿಗೆ ಕಿವಿಮಾತು', 'ತಾಯಿ ಮಗು' ಅಂತೆಲ್ಲ ಬರೆದ್ರು. ನಮ್ಮಮ್ಮನ ಬೀರುವಿನಲ್ಲಿ ಸೀರೆ ಕೆಳಗೆ ಇದ್ದಿದ್ದು ಅವರದೇ ಒಂದು ಪುಸ್ತಕ. ಸೀರೆ ಕೆಳಗೆ ಯಾಕೆ ಅಂತ ನಾನೂ ಕೇಳಲಿಲ್ಲ, ಅಮ್ಮನೂ ಹೇಳಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿಯಲ್ಲಿ ಒಂದು ಸಾಲಿನ ಸಲಹೆ ಇದೆ: ಹೆರಿಗೆಯಾದ ಎರಡರಿಂದ ಆರು ವಾರದೊಳಗೆ ಪ್ರತಿ ತಾಯಿಯನ್ನೂ ಸಂಭೋಗದ ಬಗ್ಗೆ, ಆಗ ನೋವಾಗುತ್ತಾ ಅಂತ ಕೇಳಬೇಕು. ನಾವು ಕೇಳೋವರೆಗೆ ಕಾಯೋದಲ್ಲ, ಅವರೇ ಕೇಳಬೇಕು.

ಗೆಳತಿ ಕೊನೆಗೆ ಬೇರೆ ಡಾಕ್ಟರ್ ಹತ್ರ ಹೋದ್ಲು, ಗಂಡನನ್ನೂ ಕರ್ಕೊಂಡು. ಹಾಲುಣಿಸುವಾಗ ಹಾರ್ಮೋನ್ ಕಡಿಮೆಯಾಗಿ ಒಣಗೋದು, ನೋವಾಗೋದು ಮಾಮೂಲಿ, ಅದಕ್ಕೆ ಉಪಾಯ ಇದೆ, ಅವಸರ ಬೇಡ ಅಂದ್ರಂತೆ.

ಅಜ್ಜಿಗೆ ಇದನ್ನ ಹೇಳಿದೆ. "ಗಂಡನ್ನೂ ಒಳಗೆ ಕರ್ಕೊಂಡು ಹೋಗಿದ್ಲಾ?" ಅಂತ ಎರಡು ಸಲ ಕೇಳಿದ್ರು.